ಅಳಿಸಿದ ಒಂದು ಸಾಲು

ನನಗೆ ಕೆಲಸ ಕಲಿಸಿದ ದಸ್ತಗೀರ ಸರ್‌ಗೆ,

ನಾನು ಕೆಲಸ ಕೇಳಿಕೊಂಡು ಬಂದ ದಿನ ನೀವು ನನ್ನ ಅಂಕಪಟ್ಟಿ ನೋಡಲಿಲ್ಲ. ಯಾವುದೋ ಶಾಲೆಯ ಪರಿಚಯದ ಹಾಳೆಯೊಂದನ್ನು ಮುಂದಿಟ್ಟು, ‘ಇದರಾಗ ಎಷ್ಟು ತಪ್ಪದಾವ ಹೇಳು ತಂಗಿ’ ಎಂದಿರಿ. ನಾನು ಹೇಳಲಿಲ್ಲ. ಪೆನ್ಸಿಲಿನಿಂದ ಗುರುತು ಮಾಡಿ ಹಾಳೆಯನ್ನು ನಿಮ್ಮ ಕಡೆ ತಿರುಗಿಸಿದೆ. ‘ಕಂಪ್ಯೂಟರ್ ಬರಾವ್ರು ಬೇಕಾದಷ್ಟು ಮಂದಿ ಸಿಗ್ತಾರ, ಕನ್ನಡ ಬರಾವ್ರು ಸಿಗವಲ್ರು. ನಾಳೆಯಿಂದ ಬಾ. ಆದ್ರ ಇಲ್ಲಿ ಬಾಯಿ ಬಿಡಬೇಕಾಗ್ತದ ನೋಡು.’ ನಾನು ತಲೆಯಾಡಿಸಿದೆ. ‘ಈಗೂ ಬಿಡಲಿಲ್ಲಲ್ಲ!’ ಎಂದು ನಕ್ಕಿರಿ. ಕನ್ನಡ ಎಂ.ಎ. ಮುಗಿಸಿ ವರ್ಷಗಟ್ಟಲೆ ಮನೆಯಲ್ಲಿ ಕೂತಿದ್ದವಳಿಗೆ ಮುದ್ದೇಬಿಹಾಳದ ಗೊಬ್ಬರದಂಗಡಿಯ ಮೇಲಿನ ನಿಮ್ಮ ಎರಡು ಕೋಣೆಗಳು ಎಷ್ಟು ದೊಡ್ಡದಾಗಿ ಕಂಡವೆಂದು ನಿಮಗೆ ಹೇಳಿಯೇ ಇಲ್ಲ. ಹೇಳದೆ ಉಳಿಸಿಕೊಂಡದ್ದು ಅದೊಂದೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ.

ಕಮಾಂಡ್ ಬರೆಯುವ ಕಪ್ಪು ಪರದೆಯನ್ನು ಮೊದಲ ಸಲ ತೆರೆದು ತೋರಿಸಿದ ದಿನ ನಿಮ್ಮ ಮುಖದಲ್ಲಿ ಏನು ಉತ್ಸಾಹ! ನಾವು ನೋಡಿಕೊಳ್ಳುತ್ತಿದ್ದ ನಲವತ್ತೊಂದು ಜಾಲತಾಣಗಳು, ಇಂಡಿ, ಸಿಂದಗಿ, ತಾಳಿಕೋಟೆ, ಬಾಗೇವಾಡಿಗಳ ಶಾಲೆ, ದವಾಖಾನೆ, ಬಟ್ಟೆ ಅಂಗಡಿ ಎಲ್ಲವೂ ಒಂದೇ ಸರ್ವರಿನಲ್ಲಿದ್ದವು, ಒಂದೊಂದಕ್ಕೆ ಒಂದೊಂದು ಫೋಲ್ಡರ್. ಹೊಸದೇನಾದರೂ ಎಲ್ಲದರೊಳಗೂ ಇಡಬೇಕಾದರೆ ನಲವತ್ತೊಂದು ಸಲ ನಕಲು ಮಾಡಬೇಕಿಲ್ಲ, ಒಂದೇ ಸಾಲಿನ ಕಮಾಂಡ್ ಸಾಕು ಎಂದಿರಿ. ‘ಮೊಹರಮ್‌ಕ ಓಣ್ಯಾಗ ಸಕ್ರಿ ಹಂಚಿದಂಗ. ಕೈಯಾಗ ಒಂದ ತಾಟು. ಒಂದು ಬಾಗಿಲಿಗೆ ಹೋಗು, ಕೊಡು, ಮುಂದಿನ ಬಾಗಿಲಿಗೆ ನಡಿ.’ ಆ ಸಾಲಿನ ಮುಂದೆ ‘ಎಕೋ’ ಎಂಬ ಪದ ಸೇರಿಸಿದರೆ ಯಂತ್ರ ಏನನ್ನೂ ಮಾಡದೆ, ಏನೇನು ಮಾಡಲಿದ್ದೇನೆಂದು ಬರೆದಷ್ಟೇ ತೋರಿಸುತ್ತದೆ. ಅದನ್ನು ಓದದೆ ಎಂದೂ ಮುಂದೆ ಹೋಗಬಾರದು ಎಂದು ಎಷ್ಟು ಸಲ ಹೇಳಿದಿರಿ?

ಆ ದಿನ ಮಧ್ಯಾಹ್ನ ನೀವು ಮುಂದಿನ ಕೋಣೆಯಲ್ಲಿ ತಾಳಿಕೋಟೆಯಿಂದ ಬಂದವರ ಜೊತೆ ಮಾತಾಡುತ್ತಿದ್ದಿರಿ. ಕೆಲವು ಫೋನುಗಳಲ್ಲಿ ನಮ್ಮ ಪುಟಗಳ ಒತ್ತಕ್ಷರಗಳು ಒಡೆದು ಕಾಣುತ್ತಿದ್ದವು. ನಾನು ಹೊಸ ಫಾಂಟುಗಳನ್ನು ಇಂಡಿಯ ಶಾಲೆಯ ಫೋಲ್ಡರಿನಲ್ಲಿ ಹಾಕಿ ನೋಡಿದ್ದೆ, ಅಕ್ಷರ ಸರಿಯಾಗಿತ್ತು. ಅಲ್ಲಿಂದಲೇ ಎಲ್ಲ ಕಡೆಗೂ ಕಳಿಸಬಹುದೇ, ಅದರಲ್ಲಿ ಬೇರೆ ಏನಾದರೂ ಇದೆಯೇ ಎಂದು ಕೇಳಲು ಬಾಗಿಲವರೆಗೆ ಬಂದೆ. ಒಳಗೆ ಐದಾರು ಜನ ಗಂಡಸರು. ಎಲ್ಲರೂ ತಿರುಗಿ ನೋಡುತ್ತಾರಲ್ಲ ಎಂದು ಹಿಂದೆ ಹೋದೆ. ಎಕೋ ಕೂಡ ಹಾಕಲಿಲ್ಲ. ಸಾಲು ಬರೆದೆ, ಒತ್ತಿದೆ. ಆ ಫೋಲ್ಡರಿನಲ್ಲಿ ಫಾಂಟುಗಳ ಜೊತೆ ಇಂಡಿಯ ಶಾಲೆಯ ಚಿತ್ರಗಳೂ ಇದ್ದವು. ನೀವು ಕೆಲಸ ಹಗುರಾಗಲೆಂದು ಎಲ್ಲ ತಾಣಗಳಲ್ಲೂ ಮುಖ್ಯ ಚಿತ್ರಕ್ಕೆ ಒಂದೇ ಹೆಸರಿಟ್ಟಿದ್ದಿರಿ. ಇಂಡಿಯ ಚಿತ್ರ ಎಲ್ಲ ಕಡೆಯೂ ಅದೇ ಹೆಸರಿನ ಚಿತ್ರದ ಮೇಲೆ ಕೂತು, ಹಳೆಯವೆಲ್ಲ ಹೋದವು.

ಮರುದಿನ ಬೆಳಿಗ್ಗೆ ನಾನು ಬಾಗಿಲು ತೆರೆಯುವ ಹೊತ್ತಿಗೇ ಕಚೇರಿಯ ಫೋನು ಬಡಿದುಕೊಳ್ಳುತ್ತಿತ್ತು. ‘ಯವ್ವಾ, ನನ್ನ ಸೀರಿ ಅಂಗಡ್ಯಾಗ ಈ ಪಟಗಾದ ಮುದುಕಾ ಯಾರ?’ ಎಂದು ಒಬ್ಬರು. ‘ನಮ್ಮ ಸಂಸ್ಥಾಪಕರು ತೀರಿ ಹೋಗಿ ಭಾಳ ವರ್ಷ ಆದುವು. ಈಗ ಬ್ಯಾರೆ ಮಾರಿ ಹಚ್ಕೊಂಡು ಬಂದಾರಲ್ಲ?’ ಎಂದು ಸಿಂದಗಿಯವರು. ಪರದೆ ತೆರೆದೆ. ಇಂಡಿಯ ಶಾಲೆ ಕಟ್ಟಿಸಿದ, ರುಮಾಲು ಸುತ್ತಿದ ಹಿರಿಯರು ನಲವತ್ತೊಂದೂ ಕಡೆ ಕುಳಿತು ನನ್ನನ್ನೇ ನೋಡುತ್ತಿದ್ದರು. ಮೆಟ್ಟಿಲ ಮೇಲೆ ನಿಮ್ಮ ಹೆಜ್ಜೆ ಕೇಳಿಸಿತು. ಸರ್ವರಿನಲ್ಲಿ ಕೊಟ್ಟ ಕಮಾಂಡುಗಳ ಪಟ್ಟಿ ಉಳಿಯುತ್ತದೆ, ನಿಮಗೂ ನನಗೂ ಇದ್ದದ್ದು ಒಂದೇ ಲಾಗಿನ್. ಆ ಪಟ್ಟಿಯಿಂದ ಒಂದು ಸಾಲನ್ನು ತೆಗೆಯುವುದನ್ನೂ ನೀವೇ ಕಲಿಸಿದ್ದಿರಿ, ಒಮ್ಮೆ ನಾನು ಅಲ್ಲಿ ತಪ್ಪಿ ಪಾಸ್‌ವರ್ಡ್ ಬರೆದಾಗ.

ಸರ್, ಆ ಸಾಲನ್ನು ನಾನು ಅಳಿಸಿದೆ.

ನೀವು ಕನ್ನಡಕ ಒರೆಸಿಕೊಂಡು ಕೂತು ಆ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಿರಿ. ಎಲ್ಲ ತಾಣಗಳಿಗೂ ಏನನ್ನಾದರೂ ಕಳಿಸಿದ್ದು ಎಂದರೆ ಅದರಲ್ಲಿ ಉಳಿದದ್ದು ಒಂದೇ, ಹಿಂದಿನ ಬೆಳಿಗ್ಗೆ ನೀವು ರಜೆಗಳ ಪಟ್ಟಿ ಹಾಕಿದ ಸಾಲು. ‘ಇದರಾಗ ತಪ್ಪೇನೂ ಕಾಣವಲ್ದು. ಆದ್ರ ಬ್ಯಾರೆ ಏನೂ ಇಲ್ಲಲ್ಲ ಇಲ್ಲಿ…’ ಮತ್ತೆ ಓದಿದಿರಿ. ಮತ್ತೊಮ್ಮೆ. ಆಮೇಲೆ ನನ್ನ ಕಡೆ ನೋಡಿ, ‘ನಾ ಏನ್ ಮಾಡೀನಿ ಅನ್ನೂದ ನನಗ ತಿಳಿವಲ್ದು ತಂಗಿ’ ಎಂದಿರಿ. ಆ ಕ್ಷಣ ನಾನು ಬಾಯಿ ಬಿಡಬಹುದಿತ್ತಲ್ಲವೇ? ನೀರು ತಂದುಕೊಟ್ಟೆ.

ಹೆಚ್ಚಿನ ಚಿತ್ರಗಳ ಹಳೆಯ ಪ್ರತಿಗಳು ನಿಮ್ಮ ಹತ್ತಿರ ಸಿಕ್ಕವು, ಏಳು ಕಡೆಯವು ಮಾತ್ರ ಸಿಗಲಿಲ್ಲ. ಅವನ್ನು ಕೇಳಿ ತರಲು ನೀವೇ ಬಸ್ಸಿನಲ್ಲಿ ಊರೂರು ತಿರುಗಿದಿರಿ. ಬಸವನ ಬಾಗೇವಾಡಿಯ ಶಾಲೆಗೆ ಹೋದಾಗ ನಾನೂ ಜೊತೆಗಿದ್ದೆ. ಮುಖ್ಯಗುರುಗಳು ನಿಮ್ಮನ್ನು ಬೆಂಚಿನ ಮೇಲೆ ಬಹಳ ಹೊತ್ತು ಕಾಯಿಸಿ, ‘ಸಾಹೇಬ್ರ, ವಯಸ್ಸಾತು ನಿಮಗ. ಇನ್ನ ಮನ್ಯಾಗ ಕುಂದರ್ರಿ’ ಎಂದರು. ‘ಹೌದ್ರಿ ಸರ, ನನ್ನ ತಲಿ ಮೊದಲಿನಂಗ ಉಳಿದಿಲ್ಲ’ ಎಂದಿರಿ ನೀವು. ನಾನು ಪಕ್ಕದಲ್ಲೇ ಫೈಲು ಹಿಡಿದು ಕೂತಿದ್ದೆ. ಆ ತಿಂಗಳೇ ಅವರು ಕೆಲಸ ಬೇರೆಯವರಿಗೆ ಕೊಟ್ಟರು.

ನೀವು ಕೀಬೋರ್ಡನ್ನು ನನ್ನ ಕಡೆ ಸರಿಸಿದ್ದು ಅದಾದ ಮೇಲೆ. ‘ಇನ್ಮ್ಯಾಲೆ ನೀನ ಮಾಡು. ನನ್ನ ಕೈ ನಂಬಬ್ಯಾಡ.’ ದಿನವೂ ಹೇಳೋಣವೆಂದು ಬರುತ್ತಿದ್ದೆ, ದಿನವೂ ಹೇಳದೆ ಹೋಗುತ್ತಿದ್ದೆ. ನಾಲ್ಕು ತಿಂಗಳಿಗೆ ನಿಮ್ಮ ಎದೆಬಡಿತ ನಿಂತಿತು. ಹೃದಯದ ತೊಂದರೆ ಮೊದಲಿನಿಂದಲೂ ಇತ್ತು ಎಂದರು ಡಾಕ್ಟರು. ಇರಬಹುದು. ಆದರೆ ಆ ನಾಲ್ಕು ತಿಂಗಳು ನೀವು ಹೇಗೆ ಬದುಕಿದಿರಿ ಎಂಬುದು…

ನಲವತ್ತನೆಯ ದಿನದ ಫಾತಿಹಾಕ್ಕೆ ನಿಮ್ಮ ಮನೆಗೆ ಹೋಗಿದ್ದೆ. ಊಟಕ್ಕೆ ಕೂತವರಲ್ಲಿ ಯಾರೋ, ‘ಕಡೀಕ ಸಾಹೇಬ್ರಿಗೆ ಮರವು ಬಂದಿತ್ತು ಬಿಡ್ರಿ, ಪಾಪ, ಎಲ್ಲಾರ ಫೋಟೊ ಅಳಿಸಿ ಕುಂತಿದ್ರಂತ’ ಎಂದರು. ಎಲ್ಲರೂ ಹೌದೆಂದರು. ನಾನು ಊಟ ಬಿಟ್ಟು ಎದ್ದೆ.

ಮರುದಿನ ಮತ್ತೆ ಹೋದಾಗ ನಿಮ್ಮ ಮನೆಯವರು, ನನ್ನ ಪಾಲಿನ ಚಾಚಿ, ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಮೊರ ನಿಂತಿತು. ‘ಬಾಗಿಲಾ ಹಾಕಿ ಮೂರು ಸರ್ತಿ ತಿರುಗಿ ಬರ್ತಿದ್ರು,’ ಎಂದರು ಚಾಚಿ. ‘ಕಡೀಕ ಅಂಗೈಮ್ಯಾಲ ಪೆನ್ನಿಲೆ ಬರಕೊಳ್ಳಾಕ ಹತ್ತಿದ್ರು, ಕೀಲಿ ಹಾಕೀನಿ ಅಂತ. ಮಯ್ಯತ್ ತೊಳಿಯೂಮುಂದ ಸೈತ ಕೈಯಾಗ ಅದ ಇತ್ತಂತ.’ ನಾನು ಅಳತೊಡಗಿದೆ. ‘ನನ್ನ ಮುಂದ ಅಳಬ್ಯಾಡ. ನನಗ ಹೇಳಿ ಏನ್ ಮಾಡ್ತಿ? ಅವರು ಯಾರ್ಯಾರ ಮುಂದ ತಲಿ ತಗ್ಗಿಸಿ ಬಂದಾರ, ಅಲ್ಲಿ ಹೋಗಿ ಹೇಳು. ಫೋನಿನ್ಯಾಗ ಅಲ್ಲ.’ ಚಹಾ ಕೊಡಲಿಲ್ಲ. ಬಾಗಿಲವರೆಗೂ ಬರಲಿಲ್ಲ.

ಮೊನ್ನೆ ಬಾಗೇವಾಡಿಗೆ ಹೋಗಿದ್ದೆ. ಅದೇ ಬೆಂಚು. ಮುಖ್ಯಗುರುಗಳ ಮುಂದೆ ನಿಂತು, ತಪ್ಪು ನನ್ನದು, ಸರ್ ಅವರದಲ್ಲ ಎಂದೆ. ಅವರು ಪೂರ್ತಿ ಕೇಳಿ ನಕ್ಕರು. ‘ಭೇಷ್! ಗುರುವಿನ ಹೆಸರು ಉಳಿಸಾಕ ತನ್ನ ಮ್ಯಾಲ ಹಾಕ್ಕೊಳ್ಳಾಕತ್ತೀಯಲ್ಲ, ಇಂಥಾ ಶಿಷ್ಯರು ಈಗ ಎಲ್ಲಿ ಸಿಗ್ತಾರ?’ ಅಲ್ಲಿದ್ದ ಮಾಸ್ತರರನ್ನು ಕರೆದು ನನ್ನನ್ನು ತೋರಿಸಿದರು. ‘ಖರೇನ ನಾನ ಮಾಡೀನ್ರಿ’ ಎಂದೆ. ‘ಆತು ಬಿಡವ್ವ. ಅವರ ನನ್ನ ಮುಂದ ಬಾಯಿಲೆ ಒಪ್ಕೊಂಡಾರ.’ ಸಾಕ್ಷಿ ಏನಿದೆ ಸರ್ ನನ್ನ ಹತ್ತಿರ? ಇದ್ದ ಒಂದೇ ಒಂದನ್ನು ನಾನೇ…

ನಾಳೆ ಸಿಂದಗಿಗೆ ಹೊರಟಿದ್ದೇನೆ. ಈ ಸಲ ಬರಿಗೈಯಲ್ಲಿ ಹೋಗುವುದಿಲ್ಲ. ಆಗ ನಮ್ಮಲ್ಲಿದ್ದ ನಲವತ್ತೊಂದು ತಾಣಗಳ ಪ್ರತಿಯನ್ನು ಲ್ಯಾಪ್‌ಟಾಪಿನಲ್ಲಿ ತುಂಬಿಕೊಂಡಿದ್ದೇನೆ. ಅವರ ಮೇಜಿನ ಮೇಲಿಟ್ಟು, ಅವರು ನೋಡುತ್ತಿರುವಂತೆಯೇ ಆ ದಿನದ ಸಾಲನ್ನು ಒಂದಕ್ಷರ ಬಿಡದೆ ಬರೆದು ಒತ್ತುತ್ತೇನೆ. ಮುಖಗಳೆಲ್ಲ ಬದಲಾಗುವುದನ್ನು ಅವರು ಕಣ್ಣಾರೆ ನೋಡಲಿ. ಸಿಂದಗಿಯಲ್ಲಿ ನಂಬದಿದ್ದರೆ ತಾಳಿಕೋಟೆಯಲ್ಲಿ, ಆಮೇಲೆ ಮತ್ತೆ ಬಾಗೇವಾಡಿಯಲ್ಲಿ. ಏಳೂ ಕಡೆ ಬರೆದು ತೋರಿಸುತ್ತೇನೆ. ಆ ಸಾಲು ನನಗೆ ಬಾಯಿಪಾಠವಾಗಿದೆ. ಫಾಂಟಿನ ಫೋಲ್ಡರ್ ಎಂದು ಇರಬೇಕಾದ ಕಡೆ ಇಂಡಿ ಶಾಲೆಯ ಹೆಸರಿದೆ, ಅಷ್ಟೇ. ನೀವು ನೋಡಿದ್ದರೆ ಒಂದೇ ನೋಟಕ್ಕೆ ಹಿಡಿಯುತ್ತಿದ್ದಿರಿ.

ನಿಮ್ಮ,
ಶಾರದಾ