ಡೀನರ ಒಪ್ಪಿಗೆ

ಮಾರ್ಚ್ ೧, ಪ್ಲೋವ್ದಿವ್.

ಡೀನ್ ಸ್ತಾಮಾತೋವ್ ಇಂದು ವಿದ್ಯಾರ್ಥಿ ಪತ್ರಿಕೆಯ ಕೋಣೆಗೆ ತಾವಾಗಿಯೇ ಬಂದು, ಸಂಪಾದಕಿ ಕಲೀನಾಳ ಮಣಿಕಟ್ಟಿಗೆ ವಸಂತ ಹಬ್ಬದ ಕೆಂಪು-ಬಿಳಿ ದಾರ ಕಟ್ಟಿದರು. "ವಾರ್ಡನ್ ತನ್ನ ನೆಂಟರಿಗೆಲ್ಲ ಹಾಸ್ಟೆಲ್ ರೂಮು ಕೊಟ್ಟಿರೋ ಸುದ್ದಿ ಧೈರ್ಯವಾಗಿ ಹಾಕಮ್ಮ. ನಾನು ಓದೋದೂ ಬೇಡ." ಪ್ರತಿ ಸಂಚಿಕೆಯನ್ನೂ ಮೊದಲೇ ತರಿಸಿಕೊಂಡು ಗೆರೆ ಹೊಡೆಯುವ ಮನುಷ್ಯ ಇವರು!

"ವಾರ್ಡನ್‌ನ ಒಂದ್ಮಾತು ಕೇಳಿದ್ಯಾ?" ಡೀನ್ ಹೋದ ಮೇಲೆ, ಪತ್ರಿಕೆಯ ಸಲಹೆಗಾರ್ತಿಯಾದ ನಾನು ಕಲೀನಾಳನ್ನು ಕೇಳಿದೆ.

"ಡೀನೇ ಒಪ್ಪಿದ್ರೂ ನಿಮಗೆ ಅನುಮಾನ! ಅವರಿಗಿಂತ ದೊಡ್ಡ ಸೆನ್ಸಾರು ನೀವೇ ಮೇಡಂ."

ಮಾತು ಚುಚ್ಚಿತು. ಆದರೂ ತಡೆಯಲಿಲ್ಲ. "ಪತ್ರಿಕೆ ನಿಂದು, ತೀರ್ಮಾನಾನೂ ನಿಂದೇ. ಸುದ್ದಿ ಕೊಟ್ಟೋರು ಯಾರು?"

"ಡೀನ್ ಆಫೀಸಿನ ಸೆಕ್ರೆಟರಿ..." ಎಂದವಳು ಮಣಿಕಟ್ಟಿನ ದಾರವನ್ನು ನೋಡಿಕೊಂಡಳು. ಆಮೇಲೆ ಕೋಟು ಹಾಕಿಕೊಂಡು ವಾರ್ಡನ್ ಮನೆಯತ್ತ ಹೊರಟಳು.

ಸುದ್ದಿ ನಿಜವಾಗಿದ್ದರೆ ಅವಳು ಅಚ್ಚು ಮಾಡಲೇಬೇಕು. ಆದರೆ ಅದರ ಜೊತೆಗೆ, ಅದನ್ನು ಯಾರು ಏಕೆ ಕೊಟ್ಟರೆಂಬುದನ್ನೂ ಬರೆಯುವ ಧೈರ್ಯ ಆ ಮಗುವಿಗೆ ಇದೆಯೇ?