ಗಣಿ ಪಟ್ಟಿಯ ರಬ್ಬರು

ನಾರಿನ್
2011, ಫೆಬ್ರವರಿ 19

ಪ್ರೀತಿಯ ಎಸೆನ್‌ಗುಲ್,

ನೀನೂ ಅನಾರಳೂ ಮಕ್ಕಳೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಕರಗಂದದ ಬಸ್ ಡಿಪೋದಲ್ಲಿ ನಿನಗೆ ಬಡ್ತಿ ಸಿಕ್ಕಿದ್ದನ್ನು ಓದಿ ನನ್ನಾಕೆ ಬುರುಲ್ ನೆರೆಹೊರೆಯವರಿಗೆಲ್ಲ ಬೊರ್ಸೋಕ್ ಕರಿದು ಹಂಚಿದಳು. ಆ ಪತ್ರ ಇನ್ನೂ ನನ್ನ ಕೋಟಿನ ಜೇಬಿನಲ್ಲೇ ಇದೆ. ಮಡಿಕೆಗಳು ಸವೆದು ಹರಿಯುವಂತಾಗಿವೆ. ಉತ್ತರ ಬರೆಯಲು ಮೂರು ಸಲ ಕುಳಿತು ಎದ್ದೆ. "ಫೋನ್ ಮಾಡಿದ್ರೆ ಎರಡು ನಿಮಿಷದ ಕೆಲ್ಸ, ಅದಕ್ಯಾಕೆ ಇಷ್ಟು ಹೆಣಗ್ತೀರಿ?" ಎಂದು ಅವಳು ಗೊಣಗುತ್ತಾಳೆ. ಫೋನಿನಲ್ಲಾದರೆ ನೀನು ಏನಾದರೊಂದು ಹೇಳಿ ನಗಿಸಿಬಿಡುತ್ತೀಯ, ನನ್ನ ಮಾತು ಗಂಟಲಲ್ಲೇ ಉಳಿಯುತ್ತದೆ. ತಡವಾದದ್ದಕ್ಕೆ ಕ್ಷಮಿಸು.

ಈ ಸಲದ ಚಳಿ ಕೆಟ್ಟದು. ನದಿ ಈ ದಡದಿಂದ ಆ ದಡಕ್ಕೆ ಹೆಪ್ಪುಗಟ್ಟಿದೆ. ನಮ್ಮ ಶೆಡ್ಡಿನಲ್ಲಿ ಅದೇ ಕೆಲಸ: ಹಳೆಯ ಕಾರುಗಳಿಗೆ ಇಂಜಿನ್ನಿನ ನಡುಕ ತಡೆಯುವ ಮೌಂಟಿಂಗ್ ಮಾಡಿಕೊಡುವುದು. ಹೊಸದನ್ನು ಬಿಷ್ಕೆಕ್‌ನಿಂದ ತರಿಸಿದರೆ ಒಂದು ಕುರಿಯ ಬೆಲೆ. ಮುಚ್ಚಿಹೋದ ಗಣಿಯಲ್ಲಿ ಕಲ್ಲಿದ್ದಲು ಸಾಗಿಸುತ್ತಿದ್ದ ಅಗಲ ಪಟ್ಟಿಯ ರಬ್ಬರನ್ನು ಕತ್ತರಿಸಿ, ಪದರ ಜೋಡಿಸಿ, ಎರಡು ಕಬ್ಬಿಣದ ತಟ್ಟೆಗಳ ನಡುವೆ ಬಿಗಿದರೆ ನಮ್ಮದು ಸಿದ್ಧ. ನೀನೇ ಕಲಿಸಿದ ವಿದ್ಯೆ. "ಒಳಗಿನ ಬಟ್ಟೆಯ ಪದರ ಸೀಳಿ ತೆಗೀದೆ ಕೂರಿಸ್ಬೇಡ ಮಂಬೆತ್, ಚಳಿಗೆ ಕಲ್ಲಾಗುತ್ತೆ" ಎಂದು ನೀನು ನೂರು ಸಲ ಹೇಳಿರಬೇಕು.

ಸಾಲ್ತನತ್ ನಿನಗೆ ಗೊತ್ತಿಲ್ಲ. ಗಂಡ ತೀರಿಕೊಂಡ ಮೇಲೆ ಅವನ ಕಾರನ್ನು ತಾನೇ ಬಿಷ್ಕೆಕ್‌ಗೆ ಬಾಡಿಗೆಗೆ ಓಡಿಸುತ್ತಾಳೆ. ನವೆಂಬರಿನಲ್ಲಿ ಅವಳಿಗೊಂದು ಮೌಂಟಿಂಗ್ ಮಾಡಿಕೊಟ್ಟೆ. ಅಂದು ಅವಸರವಿತ್ತು, ಬಟ್ಟೆಯ ಪದರ ತೆಗೆಯಲಿಲ್ಲ. ಮೂರನೆಯ ದಿನವೇ ಬಂದಳು.

"ಉಸ್ತಾ, ಕಾರು ನಿಂತಲ್ಲೇ ನಡುಗುತ್ತೆ. ನನ್ನ ಹಲ್ಲೆಲ್ಲ ಕಟಕಟ ಅನ್ನುತ್ತೆ."

"ಹಲ್ಲು ಗಟ್ಟಿ ಮಾಡ್ಕೊಳಮ್ಮ. ರಬ್ಬರು ಪಳಗಬೇಕು" ಎಂದೆ. ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಜನವರಿಯಲ್ಲಿ ದೊಲೊನ್ ಘಟ್ಟ ಹತ್ತುವಾಗ, ಆ ನಡುಕ ತಿಂದು ತಿಂದು ಸೀಳಿದ್ದ ಕಬ್ಬಿಣದ ಬ್ರಾಕೆಟ್ಟು ಮುರಿದು ಇಂಜಿನ್ ಒಂದು ಕಡೆಗೆ ಕುಸಿಯಿತು. ಕಾರಿನಲ್ಲಿ ಕಾಲಿಪಾ ಟೀಚರಿದ್ದರು, ಕಣ್ಣು ತೋರಿಸಲು ಹೊರಟವರು. ಹಿಮಗಾಳಿಯಲ್ಲಿ ನಾಲ್ಕು ಗಂಟೆ ಕುಳಿತರು. ಕಲ್ಲಿದ್ದಲ ಲಾರಿಯೊಂದು ಬಂದು ಎಳೆದುಕೊಂಡು ಬಂತು. ಸಾಲ್ತನತ್ ತನ್ನ ಕೋಟನ್ನೂ ಟೀಚರಿಗೇ ಹೊದಿಸಿದ್ದಳಂತೆ. ಆದರೂ ಅವರ ಎಡಗೈಯ, ಚಳಿಗೆ ಮರಗಟ್ಟಿದ ಎರಡು ಬೆರಳು ಉಳಿಯಲಿಲ್ಲ.

ಮುಂದಿನ ವಾರ ಅವಳು ಶೆಡ್ಡಿಗೆ ಬಂದಳು. ಐದಾರು ಜನ ಒಲೆಯ ಸುತ್ತ ಚಹಾ ಕುಡಿಯುತ್ತಿದ್ದೆವು. ಮುರಿದ ಬ್ರಾಕೆಟ್ಟನ್ನು ತಂದು ರೊಟ್ಟಿಯ ಪಕ್ಕದಲ್ಲೇ ಇಟ್ಟಳು.

"ಹೆಂಗಸು, ಓಡ್ಸೋಕೆ ಬರಲ್ಲ, ಅದಕ್ಕೇ ಮುರೀತು ಅಂತ ಊರೆಲ್ಲ ಆಡ್ಕೊತಿದೆ. ನನ್ನ ಕಾರು ಹತ್ತೋರೇ ಇಲ್ಲ. ನೀವೇ ಹೇಳಿ ಉಸ್ತಾ. ತಪ್ಪು ನನ್ನ ಕೈದಾ, ನಿಮ್ಮ ರಬ್ಬರಿಂದಾ?"

ಟ್ರ್ಯಾಕ್ಟರ್ ಓಡಿಸುವ ನಮ್ಮ ಜುಮಾಶ್ ನನ್ನ ರಕ್ಷಣೆಗೆ ಬಂದ. "ಬಿಡಮ್ಮ, ಕಬ್ಬಿಣ ಅಂದ್ಮೇಲೆ ಮುರಿಯೋದೇ. ಮುದಿ ಕಾರು, ಏನ್ ಮಾಡೋಕಾಗುತ್ತೆ?"

ನಾನು ತಲೆಯಾಡಿಸಿದ್ದರೆ ಸಾಕಿತ್ತು, ಎಸೆನ್. ಅಷ್ಟೇ ಸಾಕಿತ್ತು. ಅಷ್ಟು ಸುಲಭವೆಂದು ನನಗೆ ಚೆನ್ನಾಗಿ ಗೊತ್ತು.

"ನನ್ನ ರಬ್ಬರಿಂದು" ಎಂದೆ.

ಜುಮಾಶ್ ಬಟ್ಟಲು ಕೆಳಗಿಟ್ಟ. ಅವಳು ಅಳಲಿಲ್ಲ, ಬೈಯಲಿಲ್ಲ. "ಇದನ್ನೇ ಕಾಲಿಪಾ ಟೀಚರ್ ಮುಂದೆ ಹೇಳ್ತೀರಾ?" ಎಂದಳು.

ಆಸ್ಪತ್ರೆಗೆ ಹೋಗಿ ಹೇಳಿದೆ. ಟೀಚರ್ ಪಟ್ಟಿ ಸುತ್ತಿದ ಕೈಯನ್ನು ನೋಡಿಕೊಂಡರು. "ಒಪ್ಕೊಂಡು ಬಂದೋರನ್ನ ಬೈಯೋಕೆ ನಂಗೆ ಬರಲ್ಲ, ಮಂಬೆತ್. ಆದ್ರೆ ಆ ಬೆರಳು ನಂಗೆ ಬೇಕಾಗಿತ್ತು. ಹೆಣಿಗೆ ಹಾಕ್ತಿದ್ದೆ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಈಗ ಬೇರೆ ರೀತಿ ಮಾಡುತ್ತಿದ್ದೇನೆ. ಹಳೆಯ ಮೌಂಟಿಂಗಿನ ಸತ್ತ ರಬ್ಬರನ್ನು ಕೆತ್ತಿ ತೆಗೆದು, ಕಬ್ಬಿಣದ ಚಿಪ್ಪನ್ನು ಉಜ್ಜಿ ತೊಳೆದು, ನಡುವಿನ ಗೂಟವನ್ನು ಅದರ ಜಾಗದಲ್ಲೇ ನಿಲ್ಲಿಸಿ, ತಳವನ್ನು ಮಕ್ಕಳಾಡುವ ಬಣ್ಣದ ಮೇಣದಿಂದ ಮುಚ್ಚಿ, ಎರಡು ಡಬ್ಬಿಯ ದ್ರವ ಬೆರೆಸಿ ಹೊಯ್ಯುತ್ತೇನೆ. ಒಲೆಯ ಬಳಿ ಒಂದು ದಿನ ಇಟ್ಟರೆ ರಬ್ಬರಿನಂತೆ ಗಟ್ಟಿಯಾಗುತ್ತದೆ. ಇದೂ ಅಗ್ಗವೇ. ಮೊದಲ ಎರಡು ತೀರಾ ಮೆತ್ತಗಾದವು, ಬಿಸಾಡಿದೆ. ಮೂರನೆಯದನ್ನು ಸಾಲ್ತನತ್ ಪಕ್ಕದಲ್ಲೇ ನಿಂತು ಹಾಕಿಸಿಕೊಂಡಳು. ಇಂಜಿನ್ ಚಾಲೂ ಮಾಡಿ ಬಾನೆಟ್ಟಿನ ಮೇಲೆ ಚಹಾದ ಬಟ್ಟಲಿಟ್ಟೆ, ತುಳುಕಲಿಲ್ಲ. "ಸರಿ" ಎಂದಷ್ಟೇ ಹೇಳಿ ಹೋದಳು. ಅವಳ ಕಾರಿಗೆ ಮತ್ತೆ ಜನ ಹತ್ತುತ್ತಿದ್ದಾರೆ. ನನ್ನ ಶೆಡ್ಡಿಗೆ ಬರುವವರು ಅರ್ಧಕ್ಕರ್ಧ ಕಡಿಮೆಯಾಗಿದ್ದಾರೆ. ಇರಲಿ.

ಅನಾರಳಿಗೆ ನಮಸ್ಕಾರ ಹೇಳು. ನಿನ್ನ ಮಕ್ಕಳ ದಾರಿ ಬೆಳಕಾಗಿರಲಿ, ನಿನ್ನ ಮನೆಯ ಹಿಟ್ಟಿನ ಚೀಲ ಎಂದೂ ಬರಿದಾಗದಿರಲಿ.

ನಿನ್ನ
ಮಂಬೆತ್

ತಾ.ಕ.: ಹೇಳಬೇಕಾದ್ದನ್ನು ಮೇಲೆ ಬರೆಯಲಾಗಲಿಲ್ಲ. ಹನ್ನೊಂದು ವರ್ಷದ ಹಿಂದೆ ಅಂಚೆಯ ಸಾದಿರನ ಜೀಪು ನದಿಗೆ ಉರುಳಿ ಅವನ ಕಾಲು ಹೋಯಿತಲ್ಲ. ಮೌಂಟಿಂಗ್ ಹರಿದು, ಇಂಜಿನ್ ವಾಲಿ, ಆಕ್ಸಿಲರೇಟರ್ ಸಿಕ್ಕಿಕೊಂಡಿತ್ತು. "ಎಸೆನ್ ಮಾಡಿದ್ದು" ಎಂದಿತು ಊರು. ನೀನೂ ಹಾಗೆಯೇ ನಂಬಿ, ತಲೆ ತಗ್ಗಿಸಿಕೊಂಡು ಊರು ಬಿಟ್ಟೆ. ಬಸ್ಸಿಗೆ ನಿನ್ನ ಪೆಟ್ಟಿಗೆ ಎತ್ತಿಕೊಟ್ಟವನು ನಾನು. ನೀನು ಕೂರಿಸಿದ ಮೌಂಟಿಂಗ್ ಆ ಜೀಪಿನಲ್ಲಿ ಇರಲೇ ಇಲ್ಲ, ಎಸೆನ್. ಅದನ್ನು ಕೂರಿಸಿದ ಮಾರನೆಯ ದಿನ ನೀನು ಊಟಕ್ಕೆ ಹೋದಾಗ ಸಾದಿರ್ ಏನೋ ಸದ್ದು ಬರುತ್ತಿದೆಯೆಂದು ಬಂದಿದ್ದ. ನಿನಗಿಂತ ನಾನೇನು ಕಡಿಮೆ ಎಂಬ ಹಮ್ಮಿನಲ್ಲಿ ನಿನ್ನದನ್ನು ಬಿಚ್ಚಿ ನನ್ನದನ್ನು ಹಾಕಿದೆ. ಬೋಲ್ಟು ಮಾತ್ರ ಬಿಗಿದೆನೆಂದು ಅವನಿಗೆ ಹೇಳಿದೆ, ನಿನಗೆ ಏನೂ ಹೇಳಲಿಲ್ಲ. ನಿನ್ನೆ ಸಾದಿರನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವನು ಊರುಗೋಲು ಮೊಣಕಾಲಿಗೆ ಅಡ್ಡ ಇಟ್ಟುಕೊಂಡ. ಆಮೇಲೆ ಒಂದೇ ಮಾತು ಕೇಳಿದ: "ಎಸೆನ್‌ಗೆ ಗೊತ್ತಾ?" ಇಲ್ಲ ಎಂದೆ. "ಮತ್ತೆ ನನ್ನ ಮುಂದೆ ಯಾಕೆ ಕೂತಿದೀಯ? ಎದ್ದು ಹೋಗಿ ಅವನಿಗೆ ಬರಿ" ಎಂದ.