ಹಮಾಲಿ ಇಲ್ಲದ ಮನೆ

ಸೋಮವಾರ, ಊಟದ ಬಿಡುವು

ನನ್ನ ಗೂಬೆಗೆ,

ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಕೂರುತ್ತಿದ್ದವಳನ್ನು ಬೇರೆ ಹೆಸರಿನಿಂದ ಕರೆಯಲು ನನಗೆ ಈಗಲೂ ಮನಸ್ಸಿಲ್ಲ. ನೀನು ಹೇಳಿದ್ದೇ ನಿಜ ಕಣೇ. ಹಮಾಲಿ ಇಲ್ಲದೆ ಜೀವಕೋಶ ಬದುಕುವುದಿಲ್ಲ.

ಜೀವಕೋಶದೊಳಗೆ ಹೊರೆ ಹೊತ್ತು ಓಡಾಡುವ ಆ ಪ್ರೋಟೀನಿಗೆ ಹಮಾಲಿ ಎಂದು ಹೆಸರಿಟ್ಟವಳೇ ನೀನು. ಅದರ ಜೀನಿನ ಎರಡು ಪ್ರತಿಗಳಲ್ಲಿ ಒಂದನ್ನು ತೆಗೆದ ತಾಯಿ ಯೀಸ್ಟು ನಾಲ್ಕು ಮರಿ ಹಾಕಿದರೆ ಎರಡಕ್ಕೆ ಹಮಾಲಿ ಉಂಟು, ಎರಡಕ್ಕಿಲ್ಲ. ಇಲ್ಲದವೆರಡು ಸಾಯುತ್ತವೆ ಎಂದೆ ನೀನು. ನಮ್ಮ ಲ್ಯಾಬಿನ ಮುಖ್ಯಸ್ಥ ಮಹಾಶಯರು ನಂಬದೆ ಪರೀಕ್ಷೆಯನ್ನು ಮತ್ತೆ ಮಾಡಲು ನನಗೆ ಹೇಳಿದರು. ನನ್ನ ತಟ್ಟೆಯಲ್ಲಿ ನಾಲ್ಕೂ ಬೆಳೆದವು. ಅದನ್ನು ಎಲ್ಲರೆದುರು ಎತ್ತಿ ಹಿಡಿದು, "ನೋಡಮ್ಮ, ಹಮಾಲಿ ಇಲ್ದೇನೂ ಮನೆ ನಡೀತಿದೆ. ನೀನಿಲ್ದೆ ಲ್ಯಾಬೂ ನಡೆಯುತ್ತೆ ಬಿಡು" ಅಂದರು. ಹಲ್ಲು ಕಿರಿದವರ ಪಟ್ಟಿ ನನ್ನ ಬಳಿ ಇದೆ. ನೀನು ಬಿಳಿ ಕೋಟನ್ನೂ ಒಯ್ಯದೆ ಹೊರಟುಹೋದೆ.

ತೆಗೆದ ಜೀನಿನ ಜಾಗದಲ್ಲಿ ನೀನು ಯೀಸ್ಟು ಕೊಲ್ಲುವ ಔಷಧವನ್ನು ತಡೆದುಕೊಳ್ಳುವ ಜೀನು ಕೂರಿಸಿದ್ದೆಯಲ್ಲ? ಹಮಾಲಿ ಇಲ್ಲದವು ಔಷಧ ಬೆರೆಸಿದ ತಟ್ಟೆಯಲ್ಲೂ ಬೆಳೆಯಬೇಕಿತ್ತು. ಕಳೆದ ವಾರ ಆ ನಾಲ್ಕನ್ನೂ ಅಲ್ಲಿ ಹಚ್ಚಿದೆ. ಒಂದೂ ಏಳಲಿಲ್ಲ. ಅಂದರೆ ಆ ತಾಯಿಯಿಂದ ಯಾರೂ ಏನನ್ನೂ ತೆಗೆದೇ ಇರಲಿಲ್ಲ! ಹಮಾಲಿ ಒಳಗೆ ದುಡಿಯುತ್ತಲೇ ಇದ್ದ. ಇವರು ಅವನಿಲ್ಲವೆಂದು ಭಾಷಣ ಬಿಗಿದರು. ದುಡಿಯುವವನನ್ನು ಕಾಣದಿರುವುದು ದೊಡ್ಡವರ ಕಾಯಿಲೆ ಎಂದು ನನ್ನ ಕಾರ್ಮಿಕ ಸಂಘದ ಕಿರುಹೊತ್ತಗೆಗಳಲ್ಲಿ ಓದಿದ್ದೆ. ಅದು ಯೀಸ್ಟಿನವರೆಗೂ ಹಬ್ಬಿದೆ. ಔಷಧದ ತಟ್ಟೆ ಯಾಕೆ ಕೇಳಲಿಲ್ಲ ಸಾರ್ ಎಂದರೆ, "ಕಣ್ಣಿಗೇ ಕಾಣ್ತಿತ್ತಲ್ಲ" ಅಂತೆ. ಎಂಥ ಕಣ್ಣೋ!

ನಿನ್ನ ನಿಜವಾದ ತಾಯಿ ಫ್ರೀಜರಿನಲ್ಲಿ ಬೇರೆ ಚೀಟಿ ಹೊತ್ತು ಕೂತಿತ್ತು. ಅದರ ಮರಿಗಳನ್ನು ಸಾಲಿಗೆ ನಾಲ್ಕರಂತೆ ಇಪ್ಪತ್ತು ಸಾಲು ಹಾಕಿದೆ. ಪ್ರತಿ ಸಾಲಿನಲ್ಲೂ ಎರಡು ಬದುಕಿದವು, ಎರಡು ಸತ್ತವು. ಮಹಾಶಯರು ತಟ್ಟೆ ನೋಡಿ, "ನಾವು ಮೊದ್ಲೇ ಅಂದ್ಕೊಂಡಿದ್ವಿ" ಅಂದರು. ನಾವು! ನಿನ್ನನ್ನು ವಾಪಸು ಕರೆಯಲು ಅವರಿಗೆ ನಾಲಿಗೆ ಏಳುವುದಿಲ್ಲ, "ನೀನೇ ಬರೆದುಬಿಡು, ಗೆಳತೀರಲ್ಲ" ಎನ್ನುತ್ತಾರೆ. ಅವರಿಗಾಗಿ ಬರಬೇಡ. ಆ ಇಪ್ಪತ್ತು ಸಾಲುಗಳಿಗಾಗಿ ಬಾ.

ಇಂತಿ,
ನಿನ್ನ ಬೆಂಕಿಪೊಟ್ಟಣ

ತಾ.ಕ.: ಚೀಟಿ ಹೇಗೆ ಬದಲಾಯಿತು ಎಂದು ಕೇಳುತ್ತೀ. ಫ್ರೀಜರ್ ಒರೆಸುವಾಗ ಎರಡು ಟ್ಯೂಬುಗಳ ಚೀಟಿ ಕಳಚಿದ್ದವು. ಮತ್ತೆ ಅಂಟಿಸಿದವಳು ನಾನು. ನೀನು ಪಕ್ಕದಲ್ಲೇ ಇದ್ದೆ. ಯಾವುದು ಯಾವುದರದೆಂದು ಕೇಳಿದರೆ ಚಿಕ್ಕವಳಾಗುತ್ತೇನೆಂದು ಕೇಳಲಿಲ್ಲ. ಇಲ್ಲಿ ಯಾರಿಗೂ ಇನ್ನೂ ಹೇಳಿಲ್ಲ. ನೀನು ಬಂದ ದಿನ ಎಲ್ಲರೆದುರು ಹೇಳುತ್ತೇನೆ. ಹಲ್ಲು ಕಿರಿದವರ ಆ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ.